ಕಾರ್ಸ್ಟನ್ ಕ್ರೀಕ್‌ನಂಥ ಕಠಿಣ ಕೋರ್ಸಿನಲ್ಲಿ ಕಾಲೇಜು ತಂಡಗಳು ಅಂಕ ಕಳೆದುಕೊಳ್ಳುವುದು ಎಲ್ಲಿ?

ಒಕ್ಲಹೋಮಾ ಗಾಳಿ ಬರೆದದ್ದು:

ಅಮೆರಿಕದ ಕಾಲೇಜು ಗಾಲ್ಫನ್ನು ಬಿಡದೆ ನೋಡುವವರು ಈ ಗುಂಪಿನಲ್ಲಿ ಹಲವರಿದ್ದೀರಿ. ಸುಮ್ಮನೆ "ಕೋರ್ಸ್ ಕಷ್ಟ" ಅನ್ನುವುದು ಬಿಟ್ಟು, ಒಂದೇ ಕೋರ್ಸ್ ಹಿಡಿದುಕೊಂಡು ಅದು ಎಲ್ಲಿ, ಯಾಕೆ, ಎಷ್ಟು ಹೊಡೆತ ಕಸಿಯುತ್ತದೆ ಅಂತ ಬಿಡಿಸಿ ನೋಡೋಣ. ನಾನು ಆರಿಸಿಕೊಂಡದ್ದು ಒಕ್ಲಹೋಮಾದ ಸ್ಟಿಲ್‌ವಾಟರ್ ಊರಿನ ಹೊರಗಿರುವ ಕಾರ್ಸ್ಟನ್ ಕ್ರೀಕ್. ಟಾಮ್ ಫಾಜಿಯೋ ವಿನ್ಯಾಸ, 1994ರಲ್ಲಿ ಶುರುವಾದದ್ದು, ಒಕ್ಲಹೋಮಾ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಮನೆಯಂಗಳ. ಹೆಸರು ಗಾಲ್ಫ್ ಕ್ಲಬ್ ತಯಾರಿಸುವ ಪಿಂಗ್ ಕಂಪನಿ ಸ್ಥಾಪಿಸಿದ ಕಾರ್ಸ್ಟನ್ ಸೋಲ್‌ಹೈಮ್ ಅವರದು. ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಡಿವಿಷನ್ 1, ಅಂದರೆ ಮೇಲಿನ ದರ್ಜೆಯ, ಪುರುಷರ ಚಾಂಪಿಯನ್‌ಶಿಪ್ ಇಲ್ಲಿ 2003, 2011 ಮತ್ತು 2018ರಲ್ಲಿ ನಡೆದಿದೆ. 2018ರಲ್ಲಿ ಮಹಿಳೆಯರದೂ ಇಲ್ಲೇ ಆಯಿತು.

ಪಾರ್ (18 ಹೋಲಿಗೆ ನಿಗದಿಯಾದ ಹೊಡೆತ; ಕಡಿಮೆಯಾದಷ್ಟೂ ಒಳ್ಳೆಯದು) 72, ಚಾಂಪಿಯನ್‌ಶಿಪ್ ಟೀಗಳಿಂದ (ಮೊದಲ ಹೊಡೆತದ ಜಾಗ) 7,400 ಗಜದ ಆಸುಪಾಸು. ಇವತ್ತಿನ ಹುಡುಗರು ಡ್ರೈವರ್‌ನಲ್ಲಿ (ಅತಿ ದೂರ ಹೊಡೆಯುವ ಕ್ಲಬ್) 300 ಗಜ ದಾಟಿಸುತ್ತಾರೆ, ಆದ್ದರಿಂದ ಬರೀ ಉದ್ದ ನೋಡಿದರೆ ಇದು ಅವರನ್ನು ಹೆದರಿಸುವಂಥದ್ದಲ್ಲ. ಹೆದರಿಸುವುದು ಎರಡೂ ಬದಿಯ ಕಾಡು. ಅಲ್ಲಿನ ಬ್ಲ್ಯಾಕ್‌ಜ್ಯಾಕ್ ಓಕ್ ಮರ ಕುಳ್ಳಗಿರುತ್ತದೆ. ಒಣಗಿದ ಕೆಳಗೊಂಬೆಗಳು ಬೀಳದೆ ಮರದಲ್ಲೇ ಉಳಿಯುತ್ತವೆ. ಬೇರೆ ಕೋರ್ಸುಗಳಲ್ಲಿ ಮರದಡಿ ಚೆಂಡು ಹೋದರೆ ತಗ್ಗಿಸಿ ಹೊಡೆದು ಹೊರಗೆ ತರಬಹುದು; ಇಲ್ಲಿ ಎಷ್ಟೋ ಸಲ ಕ್ಲಬ್ ಬೀಸಲೂ ಜಾಗ ಸಿಗುವುದಿಲ್ಲ. ಒಂದು ಹೋಲಿನಿಂದ ಪಕ್ಕದ ಹೋಲು ಕಾಣದಷ್ಟು ದಟ್ಟ. ಹಾಗಾಗಿ ಚೆಂಡು ಹಾದಿ ತಪ್ಪಿ ಪಕ್ಕದ ಫೇರ್‌ವೇಗೆ (ಹುಲ್ಲು ಕತ್ತರಿಸಿದ ಹಾದಿ) ಬಿದ್ದು ಬಚಾವಾಗುವ ದಾರಿಯೂ ಇಲ್ಲ. ಕೊನೆಗೆ ಲೇಕ್ ಲೂಯಿಸ್ ಕೆರೆ. 18ನೇ ಹೋಲು ಪಾರ್ 5, ಕೆರೆಯ ಪಕ್ಕದಲ್ಲೇ ಸಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇಂಥ ಕೋರ್ಸಿನಲ್ಲಿ ಗೆಲ್ಲುವುದು ಅತ್ಯುತ್ತಮ ಹೊಡೆತ ಇರುವ ತಂಡವಲ್ಲ. ತಂಡದ ಅತಿ ಕೆಟ್ಟ ಹೊಡೆತ ಎಲ್ಲಿಗೆ ಹೋಗಿ ಬೀಳುತ್ತದೆ ಅನ್ನುವುದೇ ನಿರ್ಣಾಯಕ. ಒಪ್ಪದವರು ಬರೆಯಿರಿ.

---

ಲೆಕ್ಕದ ಮೇಷ್ಟ್ರು ಬರೆದದ್ದು:

ಒಪ್ಪುತ್ತೇನೆ. ಕಾರಣ ಕಾಲೇಜು ಗಾಲ್ಫಿನ ಅಂಕದ ಪದ್ಧತಿಯಲ್ಲೇ ಇದೆ. ಹೊಸಬರಿಗಾಗಿ ಚುಟುಕಾಗಿ ಹೇಳುತ್ತೇನೆ. ಈಗಿನ ಪದ್ಧತಿಯಲ್ಲಿ 30 ತಂಡಗಳು ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತದ ಲೆಕ್ಕ) ಆಡುತ್ತವೆ. 54 ಹೋಲು ಮುಗಿದಾಗ 15 ತಂಡ ಉಳಿಯುತ್ತವೆ, ಜೊತೆಗೆ ಉಳಿದ ತಂಡಗಳಿಂದ 9 ಜನ ವೈಯಕ್ತಿಕವಾಗಿ ಮುಂದುವರಿಯುತ್ತಾರೆ. 72 ಹೋಲು ಮುಗಿದಾಗ ವೈಯಕ್ತಿಕ ಚಾಂಪಿಯನ್ ತೀರ್ಮಾನ, ಮೇಲಿನ 8 ತಂಡಗಳು ಮ್ಯಾಚ್ ಪ್ಲೇಗೆ (ಒಬ್ಬರ ಎದುರು ಒಬ್ಬರು, ಹೆಚ್ಚು ಹೋಲು ಗೆದ್ದವರಿಗೆ ಪಂದ್ಯ). ತಂಡದಲ್ಲಿ 5 ಜನ, ಪ್ರತಿ ಸುತ್ತಿನಲ್ಲಿ ಒಳ್ಳೆಯ 4 ಅಂಕಗಳು ಮಾತ್ರ ಲೆಕ್ಕಕ್ಕೆ.

ಒಂದು ಕೆಟ್ಟ ಸುತ್ತನ್ನು ಈ ಪದ್ಧತಿ ನುಂಗಿಕೊಳ್ಳುತ್ತದೆ. ಎರಡನ್ನು ನುಂಗುವುದಿಲ್ಲ. ಒಬ್ಬೊಬ್ಬ ಆಟಗಾರನೂ ಒಂದು ಸುತ್ತಿನಲ್ಲಿ 80 ದಾಟುವ ಸಾಧ್ಯತೆ ಶೇ 10 ಅಂತ ಇಟ್ಟುಕೊಳ್ಳಿ. ಐವರಲ್ಲಿ ಇಬ್ಬರು ಅಥವಾ ಹೆಚ್ಚು ಜನ ಒಂದೇ ದಿನ ಕುಸಿಯುವ ಸಾಧ್ಯತೆ ಶೇ 8ರಷ್ಟು. ಕಷ್ಟದ ಕೋರ್ಸಿನಲ್ಲಿ ಅದೇ ಶೇ 10 ಎರಡರಷ್ಟಾಗಿ ಶೇ 20 ಆಯಿತು ಅನ್ನಿ. ಆಗ ಇಬ್ಬರು ಕುಸಿಯುವ ಸಾಧ್ಯತೆ ಶೇ 26. ವೈಯಕ್ತಿಕ ಅಪಾಯ ಎರಡು ಪಟ್ಟಾದರೆ ತಂಡದ ಅಪಾಯ ಮೂರು ಪಟ್ಟಿಗೂ ಮೀರುತ್ತದೆ. ನಾಲ್ಕು ಸುತ್ತಿಗೆ ಹಿಗ್ಗಿಸಿದರೆ, ಒಂದು ದಿನವಾದರೂ ಹಾಗೆ ಆಗುವ ಸಾಧ್ಯತೆ ಮೊದಲನೆಯದರಲ್ಲಿ ಶೇ 29, ಎರಡನೆಯದರಲ್ಲಿ ಶೇ 70.

ಈ ಶೇ 10, ಶೇ 20 ನಾನು ಉದಾಹರಣೆಗೆ ಇಟ್ಟುಕೊಂಡ ಸಂಖ್ಯೆಗಳು. ಐವರೂ ಒಬ್ಬರಿಂದೊಬ್ಬರು ಸ್ವತಂತ್ರ ಅಂತಲೂ ಹಿಡಿದಿದ್ದೇನೆ. ನಿಜದಲ್ಲಿ ಗಾಳಿ ಎದ್ದರೆ ಎಲ್ಲರಿಗೂ ಒಟ್ಟಿಗೇ ಏಳುತ್ತದೆ, ಆದ್ದರಿಂದ ವಾಸ್ತವ ಇದಕ್ಕಿಂತ ಕೆಟ್ಟದಾಗಿರಬಹುದು.

---

ಮೈಸೂರು ಟೀ ಬರೆದದ್ದು:

ಮೇಷ್ಟ್ರೇ, ಲೆಕ್ಕ ಸರಿ. ಆದರೆ ಇದರಿಂದ "ಹುಷಾರಾಗಿ ಆಡಿ, ಡ್ರೈವರ್ ಮುಟ್ಟಬೇಡಿ" ಅನ್ನುವ ತೀರ್ಮಾನಕ್ಕೆ ಹೋಗುತ್ತೀರಾ? ಇಕ್ಕಟ್ಟಿನ ಕೋರ್ಸ್ ಅಂದ ಕೂಡಲೇ ಬಹಳ ಕೋಚ್‌ಗಳು 3-ವುಡ್ ಅಥವಾ ಉದ್ದದ ಐರನ್ (ಡ್ರೈವರ್‌ಗಿಂತ ಕಡಿಮೆ ದೂರದ ಕ್ಲಬ್ಬುಗಳು) ಕೈಗೆ ಕೊಡುತ್ತಾರೆ. 30 ಗಜ ಹಿಂದೆ ನಿಂತು ಎರಡನೇ ಹೊಡೆತಕ್ಕೆ 5-ಐರನ್ ಎತ್ತಿಕೊಳ್ಳುವುದು ಹೇಗೆ ಹುಷಾರು ಆಗುತ್ತದೆ?

---

ಲೆಕ್ಕದ ಮೇಷ್ಟ್ರು ಬರೆದದ್ದು:

ಹೋಗುವುದಿಲ್ಲ ಸರ್. ಒಂದು ಹೋಲಿನ ಮೇಲೆ ಲೆಕ್ಕ ಹಾಕಿ ತೋರಿಸುತ್ತೇನೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡೀ ಅವರು ಪಿಜಿಎ ಟೂರ್‌ನ ಹೊಡೆತಗಳಿಂದ ಕಟ್ಟಿದ ಸರಾಸರಿಗಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಕಾಲೇಜಿನ ಮೇಲ್ದರ್ಜೆಯ ಆಟಗಾರರಿಗೆ ತುಸು ಹೆಚ್ಚಾಗಬಹುದು, ವ್ಯತ್ಯಾಸಗಳ ದಿಕ್ಕು ಅದೇ.

460 ಗಜದ ಪಾರ್ 4. ಡ್ರೈವರ್ 300 ಗಜ ಹೋದರೆ ಉಳಿದದ್ದು 160. ಅಲ್ಲಿಂದ ಹೋಲು ಮುಗಿಸಲು ಫೇರ್‌ವೇಯಿಂದ ಸರಾಸರಿ 2.98 ಹೊಡೆತ, ರಫ್‌ನಿಂದ (ಪಕ್ಕದ ಉದ್ದ ಹುಲ್ಲು) 3.23, ಮರಗಳ ನಡುವಿನಿಂದ 3.81. ಆದರೆ 3-ವುಡ್ಡಿನಲ್ಲಿ 270 ಹೊಡೆದು 190 ಗಜ ಉಳಿಸಿಕೊಂಡವನಿಗೆ ಫೇರ್‌ವೇಯಿಂದಲೇ ಸುಮಾರು 3.14, ರಫ್‌ನಿಂದ 3.36, ಮರದಡಿಯಿಂದ 3.85 ಬೇಕು.

ಡ್ರೈವರ್ ಶೇ 55 ಫೇರ್‌ವೇ, ಶೇ 35 ರಫ್, ಶೇ 10 ಮರ ಅಂತ ಹಿಡಿಯಿರಿ. 3-ವುಡ್ ಶೇ 65, 29, 6. ಡ್ರೈವರ್ ಸರಾಸರಿ 3.15, 3-ವುಡ್ 3.25. ಡ್ರೈವರ್‌ಗೇ ಹತ್ತನೇ ಒಂದು ಹೊಡೆತದ ಲಾಭ. ಮರದೊಳಗಿನಿಂದ ಪಕ್ಕಕ್ಕೆ ಹೊಡೆದು ಹೊರಬರಲು ಸಾಧ್ಯವಿರುವ ಮಾಮೂಲಿ ಕೋರ್ಸಿನ ಕಥೆ ಇದು.

ಈಗ ಕಾರ್ಸ್ಟನ್ ಕ್ರೀಕ್ ಥರ ಮಾಡೋಣ: ಮರದೊಳಗೆ ಹೋದ ಚೆಂಡು ಕಳೆದೇಹೋಯಿತು. ಒಂದು ಹೊಡೆತ ದಂಡ, ಮತ್ತೆ ಟೀಯಿಂದ. 460 ಗಜದ ಟೀಯಿಂದ ಸರಾಸರಿ 4.17, ದಂಡ ಸೇರಿ 5.17. ಡ್ರೈವರ್‌ನ ಸರಾಸರಿ 3.29ಕ್ಕೆ ಏರುತ್ತದೆ, 3-ವುಡ್‌ನದು 3.33. ಆಗಲೂ ಡ್ರೈವರ್ ಕೂದಲೆಳೆ ಮುಂದೆ! 3-ವುಡ್ ಗೆಲ್ಲಬೇಕಾದರೆ ಅದು ಚೆಂಡು ಕಳೆಯುವ ಪ್ರಮಾಣವನ್ನು ಶೇ 6ರಿಂದ ಶೇ 3ಕ್ಕೆ ಇಳಿಸಬೇಕು. ಆಗ ಅದರ ಸರಾಸರಿ 3.27.

ಹಾಗಾಗಿ ಕೋಚ್ ಕೇಳಬೇಕಾದ ಪ್ರಶ್ನೆ "ಈ ಹೋಲು ಇಕ್ಕಟ್ಟಾ?" ಅಲ್ಲ. "ಈ ಹುಡುಗನ 3-ವುಡ್ ನಿಜಕ್ಕೂ ಅವನ ಡ್ರೈವರ್‌ಗಿಂತ ಎಷ್ಟು ನೇರ?" ಎಷ್ಟೋ ಜನರಿಗೆ ಅದು ಹೆಚ್ಚೇನೂ ನೇರವಲ್ಲ. ಮೂರು ತಿಂಗಳ ಅಭ್ಯಾಸದ ಹೊಡೆತಗಳನ್ನು ಅಳೆದಿಟ್ಟ ತಂಡಕ್ಕೆ ಉತ್ತರ ಗೊತ್ತಿರುತ್ತದೆ. ಅಂದಾಜಿನ ಮೇಲೆ ನಡೆಯುವ ತಂಡ ಪ್ರತಿ ಹೋಲಿನಲ್ಲಿ 30 ಗಜ ದಾನ ಮಾಡುತ್ತಾ ಹೋಗುತ್ತದೆ.

---

ಹುಲ್ಲು ಹಾಸು ಬರೆದದ್ದು:

ಟೀ ಹೊಡೆತದ ಬಗ್ಗೆ ಸಾಕಷ್ಟಾಯಿತು, ಹುಲ್ಲಿನ ಬಗ್ಗೆ ಯಾರೂ ಎತ್ತಲಿಲ್ಲವಲ್ಲ. ಕಾರ್ಸ್ಟನ್ ಕ್ರೀಕ್‌ನ ಫೇರ್‌ವೇ ಜಾಯ್ಸಿಯಾ ಹುಲ್ಲು, ಗ್ರೀನ್ (ರಂಧ್ರ ಇರುವ ನುಣುಪು ಹಾಸು) ಬೆಂಟ್‌ಗ್ರಾಸ್. ಈ ಜೋಡಿ ಆಟಗಾರನನ್ನು ಎರಡು ಥರ ಮೋಸಗೊಳಿಸುತ್ತದೆ.

ಜಾಯ್ಸಿಯಾದ ಎಸಳು ಗಡುಸು. ಚೆಂಡು ಅದರ ಮೇಲೆ ಎತ್ತಿ ಕೂತಿರುತ್ತದೆ, ಬ್ರಷ್ ಮೇಲೆ ಇಟ್ಟ ಹಾಗೆ. ಐರನ್ ಹೊಡೆತಕ್ಕೆ ಇದಕ್ಕಿಂತ ಒಳ್ಳೆಯ ನೆಲ ಇಲ್ಲ: ಕ್ಲಬ್ಬಿನ ಮುಖಕ್ಕೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿಕೊಳ್ಳುವುದಿಲ್ಲ, ತಿರುಗು ಚೆನ್ನಾಗಿ ಬರುತ್ತದೆ. ತೊಂದರೆ ಶುರುವಾಗುವುದು ಗ್ರೀನಿನ ಅಂಚಿನಲ್ಲಿ. ಚೆಂಡನ್ನು ನೆಲಕ್ಕೆ ತಾಗಿಸಿ ಉರುಳಿಸುವ ಚಿಪ್ಪನ್ನು ಜಾಯ್ಸಿಯಾ ಹಿಡಿದುಬಿಡುತ್ತದೆ. ಬೆಂಟ್ ಅಥವಾ ನುಣ್ಣಗೆ ಕತ್ತರಿಸಿದ ಗರಿಕೆ ಜಾತಿಯ ಹುಲ್ಲಿನ ಮೇಲೆ ಆ ಹೊಡೆತ ಎರಡು ಪುಟಿತದಲ್ಲಿ ಗ್ರೀನ್ ಸೇರುತ್ತದೆ. ಇಲ್ಲಿ ಮೊದಲ ಪುಟಿತಕ್ಕೇ ವೇಗ ಸಾಯುತ್ತದೆ. ಮಾಡಬೇಕಾದದ್ದು: ಚೆಂಡನ್ನು ಅಂಚು ದಾಟಿಸಿ ಗ್ರೀನಿನ ಒಳಗೇ, ಕನಿಷ್ಠ ಒಂದು ಗಜ ಒಳಕ್ಕೆ, ಇಳಿಸುವುದು. ಇದಕ್ಕೆ ಹೆಚ್ಚು ಎತ್ತರದ ಹೊಡೆತ ಬೇಕು, ಎತ್ತರದ ಹೊಡೆತದಲ್ಲಿ ತಪ್ಪೂ ಹೆಚ್ಚು.

ಇನ್ನು ಗ್ರೀನಿನ ವೇಗ. ಸ್ಟಿಂಪ್‌ಮೀಟರ್ ಅಂದರೆ 36 ಇಂಚಿನ ಅಲ್ಯೂಮಿನಿಯಂ ತೋಡು. ನಿಧಾನಕ್ಕೆ ಎತ್ತುತ್ತಾ ಹೋದರೆ ಸುಮಾರು 20 ಡಿಗ್ರಿಯಲ್ಲಿ ಚೆಂಡು ತಾನೇ ಬಿಡುಗಡೆಯಾಗುತ್ತದೆ, ಸಮತಟ್ಟಿನಲ್ಲಿ ಎಷ್ಟು ಅಡಿ ಉರುಳಿತು ಅನ್ನುವುದೇ ವೇಗ. 10 ಅಂದರೆ ಒಳ್ಳೆಯ ಕ್ಲಬ್ ಗ್ರೀನ್, 12 ಅಂದರೆ ಚಾಂಪಿಯನ್‌ಶಿಪ್. ಎರಡೇ ಅಡಿ ವ್ಯತ್ಯಾಸ ತಾನೇ ಅನ್ನಿಸುತ್ತದೆ. ಶೇ 3 ಇಳಿಜಾರಿನಲ್ಲಿ ಭೌತಶಾಸ್ತ್ರದ ಲೆಕ್ಕ ಹಾಕಿ ನೋಡಿ: ಅದೇ ತಳ್ಳುವಿಕೆಗೆ ಚೆಂಡು 10ರ ಗ್ರೀನಿನಲ್ಲಿ ಇಳಿಮುಖವಾಗಿ 16 ಅಡಿ ಹೋಗುತ್ತದೆ. 12ರಲ್ಲಿ 22 ಅಡಿ! ಏರುಮುಖವಾಗಿ ಆ 12ರ ಗ್ರೀನಿನಲ್ಲೇ ಬರೀ 8 ಅಡಿ. ಅಂದರೆ ಹೋಲಿನ ಮೇಲ್ಭಾಗಕ್ಕೆ ಚೆಂಡು ಹೋದವನೂ ಕೆಳಭಾಗದಲ್ಲಿ ಉಳಿದವನೂ ಹತ್ತಡಿ ದೂರದಲ್ಲೇ ಇದ್ದರೂ ಬೇರೆ ಬೇರೆ ಆಟ ಆಡುತ್ತಿರುತ್ತಾರೆ.

ಇದಕ್ಕೇ ಕಾಲೇಜು ಕೋಚ್‌ಗಳು "ಹೋಲಿನ ಕೆಳಗೆ ಇರಿ" ಅಂತ ಬಡಿದುಕೊಳ್ಳುವುದು. ಬಾವುಟ ಗ್ರೀನಿನ ಹಿಂಭಾಗದಲ್ಲಿದ್ದಾಗ ಹುಡುಗರು ಒಂದು ಕ್ಲಬ್ ಹೆಚ್ಚು ತೆಗೆಯುತ್ತಾರೆ. ಅಲ್ಲೇ ಮೂರು ಪಟ್ (ಗ್ರೀನಿನ ಮೇಲೆ ಉರುಳಿಸುವ ಹೊಡೆತ) ಹುಟ್ಟುತ್ತದೆ.

---

ಡಲ್ಲಾಸ್ ಶಾರದಮ್ಮ ಬರೆದದ್ದು:

ತುಂಬ ಉಪಯುಕ್ತ ಮಾಹಿತಿ ಕೊಡ್ತಾ ಇದ್ದೀರಿ, ಎಲ್ಲರಿಗೂ ನಮಸ್ಕಾರ. ಒಂದು ಅನುಮಾನ. ವೃತ್ತಿಪರರ ಹಾಗೆ ಈ ಮಕ್ಕಳಿಗೆ ಕ್ಯಾಡಿ ಇರಲ್ಲ ಅಲ್ವಾ? ಮರದೊಳಗೆ ಚೆಂಡು ಹೋದಾಗ ನಿಯಮ ಹೇಳಿಕೊಡೋರು ಯಾರು?

---

ನಿಯಮದ ಪುಟ ಬರೆದದ್ದು:

ಶಾರದಮ್ಮನವರೇ, ಕ್ಯಾಡಿ ಇಲ್ಲ. ಚೀಲ ತಾವೇ ಹೊರಬೇಕು ಅಥವಾ ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಬೇಕು. ಕೋಚ್‌ಗಳು ಸಲಹೆ ಕೊಡಬಹುದು, ಆದರೆ ಇಬ್ಬರು ಕೋಚ್, ಐದು ಆಟಗಾರರು. ಒಬ್ಬನ ಜೊತೆ ನಿಂತರೆ ಇನ್ನೊಬ್ಬ ಕಾಡಿನಲ್ಲಿ ಒಂಟಿ. ದೊಡ್ಡ ಗಲಾಟೆಯ ಹೋಲುಗಳಲ್ಲಿ, ಅಂದರೆ ನೀರಿರುವ ಪಾರ್ 3 ಅಥವಾ ಎರಡು ಹೊಡೆತಕ್ಕೆ ಗ್ರೀನ್ ಸಿಗುವ ಪಾರ್ 5ಗಳಲ್ಲಿ, ಕೋಚ್ ಒಂದೇ ಕಡೆ ನಿಂತು ಐವರಿಗೂ ಕಾಯುವುದು ರೂಢಿ.

ನಿಯಮದ ವಿಷಯಕ್ಕೆ ಬರುತ್ತೇನೆ. ದಟ್ಟ ಕಾಡಿನ ಕೋರ್ಸಿನಲ್ಲಿ ತಂಡಗಳು ಹೊಡೆತ ಕಳೆದುಕೊಳ್ಳುವ ನಾಲ್ಕು ಜಾಗ ಇವು, ಹೆಚ್ಚಿನವು ಕೌಶಲಕ್ಕೆ ಸಂಬಂಧಿಸಿದ್ದೇ ಅಲ್ಲ:

ಒಂದು, ತಾತ್ಕಾಲಿಕ ಚೆಂಡು. ಚೆಂಡು ಕಳೆದಿರಬಹುದು ಅನ್ನಿಸಿದರೆ "ಪ್ರೊವಿಷನಲ್" ಅಂತ ಸ್ಪಷ್ಟವಾಗಿ ಹೇಳಿ ಇನ್ನೊಂದು ಹೊಡೆಯಬೇಕು. "ಇನ್ನೊಂದು ಹೊಡೀತೀನಿ" ಅಂದರೆ ಸಾಲದು. ಹಾಗಂದು ಹೊಡೆದರೆ ಅದೇ ಆಟದ ಚೆಂಡಾಗಿಬಿಡುತ್ತದೆ, ಮೊದಲನೆಯದು ಫೇರ್‌ವೇಯಲ್ಲಿ ಸಿಕ್ಕಿದರೂ ಪ್ರಯೋಜನವಿಲ್ಲ.

ಎರಡು, ಮೂರು ನಿಮಿಷ. 2019ರಿಂದ ಹುಡುಕಾಟಕ್ಕೆ ಐದರ ಬದಲು ಮೂರೇ ನಿಮಿಷ. ಓಕ್ ಎಲೆಗಳ ರಾಶಿಯಲ್ಲಿ ಮೂರು ನಿಮಿಷ ಬಹಳ ಬೇಗ ಮುಗಿಯುತ್ತದೆ. ಗಡಿಯಾರ ಶುರುವಾಗುವುದು ಆಟಗಾರ ಹುಡುಕಲು ತೊಡಗಿದಾಗ, ಆದ್ದರಿಂದ ಚೆಂಡು ಒಳನುಗ್ಗಿದ ಮರವನ್ನು ಟೀಯಿಂದಲೇ ಗುರುತಿಟ್ಟುಕೊಂಡು ನೇರ ಅಲ್ಲಿಗೇ ಹೋಗಬೇಕು.

ಮೂರು, ಇದು ಅನುಭವಿಗಳೂ ತಪ್ಪುವುದು. ತಾತ್ಕಾಲಿಕ ಚೆಂಡು ಬಹಳ ಚೆನ್ನಾಗಿ ಹೋಗಿ ಗ್ರೀನಿನ ಪಕ್ಕ ಬಿದ್ದಿದೆ ಅನ್ನಿ. ಮೊದಲ ಚೆಂಡು ಕಾಡಿನಲ್ಲಿ ಸಿಕ್ಕಿದರೆ ತಾತ್ಕಾಲಿಕವನ್ನು ಬಿಡಲೇಬೇಕು. ಹಾಗಾಗಿ ಮೊದಲನೆಯದನ್ನು ಹುಡುಕದೇ ಇರುವುದು ಆಟಗಾರನ ಹಕ್ಕು. ಆದರೆ ಎದುರಾಳಿ ಹುಡುಕಬಹುದು. ಮೂರು ನಿಮಿಷದೊಳಗೆ, ನೀವು ಮೊದಲನೆಯದು ಇರಬಹುದಾದ ಜಾಗಕ್ಕಿಂತ ಹೋಲಿಗೆ ಹತ್ತಿರದಿಂದ ತಾತ್ಕಾಲಿಕವನ್ನು ಹೊಡೆಯುವ ಮೊದಲು ಅವರು ಕಂಡುಹಿಡಿದರೆ ನೀವು ಅದನ್ನೇ ಆಡಬೇಕು. ಆದ್ದರಿಂದ ಹುಡುಕಬಾರದು ಅಂತ ನಿರ್ಧರಿಸಿದವರು ತಡಮಾಡದೆ ಮುಂದೆ ನಡೆದು, ತಮ್ಮ ಸರದಿ ನೋಡಿಕೊಂಡು ಹೊಡೆಯಬೇಕು.

ನಾಲ್ಕು, ಆಡಲಾಗದ ಚೆಂಡು. ಒಂದು ದಂಡ, ಮೂರು ಆಯ್ಕೆ: ಹಿಂದಿನ ಜಾಗಕ್ಕೆ ಮರಳುವುದು, ಹೋಲಿನಿಂದ ಚೆಂಡಿನ ಮೂಲಕ ಎಳೆದ ಗೆರೆಯಲ್ಲಿ ಹಿಂದಕ್ಕೆ ಹೋಗುವುದು, ಎರಡು ಕ್ಲಬ್ ಉದ್ದದೊಳಗೆ ಪಕ್ಕಕ್ಕೆ ಬೀಳಿಸುವುದು. ಕಾರ್ಸ್ಟನ್ ಕ್ರೀಕ್‌ನಂಥಲ್ಲಿ ಎರಡು ಕ್ಲಬ್ ಉದ್ದ ಅಂದರೆ ಇನ್ನೊಂದು ಓಕ್ ಮರದ ಬುಡ. ಹಿಂದಿನ ಗೆರೆಯೂ ಕಾಡಿನೊಳಗೇ. ಉಳಿಯುವುದು ಟೀಗೆ ಮರಳುವುದೊಂದೇ. ದಂಡ ಕೊಟ್ಟು, ಮತ್ತೆ ಕಾಡಿನಲ್ಲೇ ಬೀಳಿಸಿ, ಮತ್ತೆ ಮರಕ್ಕೆ ಹೊಡೆದು 8 ಬರೆಯುವ ಹುಡುಗನ ಕೈಲಿ ಟೀಗೆ ಮರಳಿದ್ದರೆ 6 ಆಗುತ್ತಿತ್ತು.

ಕ್ಲಬ್ಬುಗಳಲ್ಲಿ ಎರಡು ದಂಡ ತೆಗೆದುಕೊಂಡು ಫೇರ್‌ವೇ ಅಂಚಿನಲ್ಲಿ ಚೆಂಡು ಇಡುವ ಸ್ಥಳೀಯ ನಿಯಮ ಇರುತ್ತದೆ. ಮೇಲ್ಮಟ್ಟದ ಸ್ಪರ್ಧೆಗೆ ಅದು ತಕ್ಕದ್ದಲ್ಲ ಅಂತ ನಿಯಮ ಮಾಡುವವರೇ ಹೇಳುತ್ತಾರೆ. ಮನೆಯಲ್ಲಿ ಅದಕ್ಕೆ ಒಗ್ಗಿಕೊಂಡು ಬಂದವರು ಇಲ್ಲಿ ಗಲಿಬಿಲಿಗೊಳ್ಳುತ್ತಾರೆ.

---

ಒಕ್ಲಹೋಮಾ ಗಾಳಿ ಬರೆದದ್ದು:

ಇದನ್ನೆಲ್ಲ ಓದಿದರೆ ಕೋರ್ಸ್ ಗೊತ್ತಿರುವ ಮನೆ ತಂಡಕ್ಕೇ ಎಲ್ಲ ಅನುಕೂಲ ಅನ್ನಿಸುತ್ತದೆ. ದಾಖಲೆ ಅಷ್ಟು ಸರಳವಾಗಿಲ್ಲ. 2003ರಲ್ಲಿ ಒಕ್ಲಹೋಮಾ ಸ್ಟೇಟ್ ತನ್ನದೇ ಅಂಗಳದಲ್ಲಿ ಕ್ಲೆಮ್ಸನ್ ಎದುರು ಪ್ರಶಸ್ತಿ ಕಳೆದುಕೊಂಡಿತು. 2011ರಲ್ಲಿ ಸೆಮಿಫೈನಲ್‌ನಲ್ಲಿ ಅಗಸ್ಟಾ ಸ್ಟೇಟ್ ಅನ್ನುವ ಚಿಕ್ಕ ಕಾಲೇಜು 3-2ರಿಂದ ಅವರನ್ನು ಹೊರದಬ್ಬಿತು. ಆ ಪಂದ್ಯದಲ್ಲಿ ಪ್ಯಾಟ್ರಿಕ್ ರೀಡ್ ಮನೆ ತಂಡದ ಪೀಟರ್ ಯೂಲೈನ್ ಅವರನ್ನು 8 ಮತ್ತು 7ರ ಅಂತರದಿಂದ (7 ಹೋಲು ಉಳಿದಿರುವಾಗಲೇ 8 ಹೋಲು ಮುಂದೆ) ಸೋಲಿಸಿದ್ದರು. ಫೈನಲ್‌ನಲ್ಲಿ ಜಾರ್ಜಿಯಾವನ್ನೂ ಸೋಲಿಸಿ ಅಗಸ್ಟಾ ಸತತ ಎರಡನೇ ಬಾರಿ ಗೆದ್ದಿತು. 2018ರಲ್ಲಿ ಮಾತ್ರ ವಿಕ್ಟರ್ ಹೋವ್ಲಂಡ್, ಮ್ಯಾಥ್ಯೂ ವುಲ್ಫ್, ಆಸ್ಟಿನ್ ಎಕ್ರೋಟ್ ಇದ್ದ ಒಕ್ಲಹೋಮಾ ಸ್ಟೇಟ್ ಫೈನಲ್‌ನಲ್ಲಿ ಅಲಬಾಮಾವನ್ನು 5-0ಯಿಂದ ತೊಳೆದುಹಾಕಿತು.

---

ಮೈಸೂರು ಟೀ ಬರೆದದ್ದು:

2011ರದ್ದು ಮ್ಯಾಚ್ ಪ್ಲೇ ಅನ್ನುವುದನ್ನು ಒತ್ತಿ ಹೇಳಬೇಕು. ಸ್ಟ್ರೋಕ್ ಪ್ಲೇಯಲ್ಲಿ ಒಂದು ಹೋಲಿನ 9 ನಿಮ್ಮ ನಾಲ್ಕು ದಿನದ ಕೆಲಸ ತಿನ್ನುತ್ತದೆ. ಮ್ಯಾಚ್ ಪ್ಲೇಯಲ್ಲಿ 9 ಬರೆದರೂ ಹೋಗುವುದು ಒಂದೇ ಹೋಲು. ಕೋರ್ಸಿನ ಕ್ರೌರ್ಯ ಅಲ್ಲಿ ಅರ್ಧಕ್ಕರ್ಧ ಇಳಿಯುತ್ತದೆ. ಕಾಡಿನ ಕೋರ್ಸಿನಲ್ಲಿ ಮನೆ ತಂಡಕ್ಕೆ ಇರುವ ದೊಡ್ಡ ಅನುಕೂಲ "ಎಲ್ಲಿ ತಪ್ಪಬಾರದು" ಅನ್ನುವ ತಿಳಿವಳಿಕೆ. ಮ್ಯಾಚ್ ಪ್ಲೇ ಆ ತಿಳಿವಳಿಕೆಯ ಬೆಲೆಯನ್ನೇ ಕಡಿಮೆ ಮಾಡುತ್ತದೆ. ಎದುರಾಳಿ ಮೊದಲು ಹೊಡೆದು ಕಾಡಿಗೆ ಕಳಿಸಿದರೆ ನಿಮ್ಮ ಕ್ಲಬ್ ಬದಲಾಗಬೇಕು: ಆಗ ಲೆಕ್ಕದ ಮೇಷ್ಟ್ರ ಕೋಷ್ಟಕ ಬದಿಗಿಟ್ಟು, ಫೇರ್‌ವೇಯಲ್ಲಿ ಚೆಂಡು ಇಡುವ ಕ್ಲಬ್ ಯಾವುದೋ ಅದು. ಬೋಗಿ (ಪಾರ್‌ಗಿಂತ ಒಂದು ಹೊಡೆತ ಹೆಚ್ಚು) ಮಾಡಿದರೂ ಹೋಲು ನಿಮ್ಮದೇ ಆಗಬಹುದು.

ಕಾಲೇಜು ಹುಡುಗರು ಇದನ್ನು ತಪ್ಪುವುದು ಸೋಮವಾರ ಸಂಜೆಯಿಂದ ಮಂಗಳವಾರ ಬೆಳಿಗ್ಗೆಯೊಳಗೆ. ಪುರುಷರ ಚಾಂಪಿಯನ್‌ಶಿಪ್‌ನಲ್ಲಿ ನಾಲ್ಕು ದಿನ ಸ್ಟ್ರೋಕ್ ಪ್ಲೇ, ಮರುದಿನವೇ ಕ್ವಾರ್ಟರ್ ಫೈನಲ್ ಮತ್ತು ಸೆಮಿಫೈನಲ್ ಎರಡೂ. ತಲೆ ಇನ್ನೂ "ದೊಡ್ಡ ಅಂಕ ಬೇಡ" ಅನ್ನುವುದರಲ್ಲೇ ಇರುತ್ತದೆ.

---

ಕಾರ್ಲ್ಸ್‌ಬ್ಯಾಡ್ ಕಡಲು ಬರೆದದ್ದು:

ಕಾಡಿಲ್ಲದ ಕೋರ್ಸೂ ಇಷ್ಟೇ ಕಾಡಬಹುದು ಅನ್ನುವುದಕ್ಕೆ ಕ್ಯಾಲಿಫೋರ್ನಿಯಾದ ಲಾ ಕೋಸ್ಟಾ ಸೇರಿಸುತ್ತೇನೆ. ಗಿಲ್ ಹ್ಯಾನ್ಸ್ ಮರುವಿನ್ಯಾಸ ಮಾಡಿದ ಮೇಲೆ 2024ರಿಂದ ಚಾಂಪಿಯನ್‌ಶಿಪ್ ಅಲ್ಲಿ ನಡೆಯುತ್ತಿದೆ. ಆ ವರ್ಷ ಜಾರ್ಜಿಯಾ ಟೆಕ್‌ನ ಹಿರೋಶಿ ತಾಯ್ ವೈಯಕ್ತಿಕ ಚಾಂಪಿಯನ್ ಆದದ್ದು 72 ಹೋಲಿಗೆ ಬರೀ 3 ಅಂಡರ್ ಪಾರ್, 285ರಲ್ಲಿ. ಆರು ಜನ ಒಂದೇ ಹೊಡೆತ ಹಿಂದೆ. ದೇಶದ ಅತ್ಯುತ್ತಮ ಕಾಲೇಜು ಆಟಗಾರರೆಲ್ಲ ಸೇರಿ ನಾಲ್ಕು ದಿನದಲ್ಲಿ ಪಾರ್‌ಗಿಂತ ಮೂರಕ್ಕಿಂತ ಹೆಚ್ಚು ಕೆಳಗೆ ಹೋಗಲಿಲ್ಲ.

ಅಲ್ಲಿ ಆ ವರ್ಷ ಹೊಸ ಗ್ರೀನುಗಳು ಗಟ್ಟಿಯಾಗಿದ್ದವು. ಗ್ರೀನ್ ಹೊಸದಾಗಿದ್ದಾಗ ಹುಲ್ಲಿನ ಬೇರಿನ ಮೆತ್ತೆ ಬೆಳೆದಿರುವುದಿಲ್ಲ, ಚೆಂಡು ಬಿದ್ದಲ್ಲಿ ನಿಲ್ಲದೆ ಪುಟಿಯುತ್ತದೆ. 6-ಐರನ್ನಿನ ಹೊಡೆತ ಗ್ರೀನಿನ ಮುಂದಿನ ಅಂಚಿಗೆ ಬಿದ್ದು ಹಿಂದಿನ ಅಂಚು ದಾಟಿ ಹೋಗುತ್ತದೆ. ಆದ್ದರಿಂದ ಬಾವುಟದ ದೂರ ಅಲ್ಲ, ಚೆಂಡು ಮೊದಲು ತಾಗಬೇಕಾದ ಜಾಗದ ದೂರ ಅಳೆಯಬೇಕು. ಲೇಸರ್ ದೂರಮಾಪಕ ಬಾವುಟಕ್ಕೇ ಗುರಿಯಿಡುವುದರಿಂದ ಆ ಅಭ್ಯಾಸ ಬರುವುದೇ ಇಲ್ಲ. ಮುಂದಿನ ಅಂಚು, ದಾಟಬೇಕಾದ ಬಂಕರ್ (ಮರಳುಗುಂಡಿ) ತುಟಿ, ಹಿಂದಿನ ಅಂಚು, ಈ ಮೂರು ಸಂಖ್ಯೆ ಆಟಗಾರನ ಟಿಪ್ಪಣಿ ಪುಸ್ತಕದಲ್ಲಿ ಇರಬೇಕು.

ಇನ್ನು ಗಾಳಿ. ಮಧ್ಯಾಹ್ನ ಕಡಲಿನ ಕಡೆಯಿಂದ ಬೀಸತೊಡಗುತ್ತದೆ. ಕೈಯಲ್ಲಿಟ್ಟುಕೊಳ್ಳುವ ಸೂತ್ರ: ಎದುರುಗಾಳಿ ಗಂಟೆಗೆ 1 ಮೈಲಿಗೆ ದೂರದ ಶೇ 1 ಕಸಿಯುತ್ತದೆ, ಹಿಂದಿನ ಗಾಳಿ ಅದರ ಅರ್ಧದಷ್ಟೇ ಕೊಡುತ್ತದೆ. 150 ಗಜಕ್ಕೆ 10 ಮೈಲಿ ಎದುರುಗಾಳಿ ಇದ್ದರೆ 165ರ ಕ್ಲಬ್. ಅದೇ ಗಾಳಿ ಹಿಂದಿನಿಂದ ಬಂದರೆ 142ರ ಕ್ಲಬ್. ಎರಡಕ್ಕೂ ಒಂದೇ ಪ್ರಮಾಣ ಹಿಡಿಯುವುದು ಮಾಮೂಲಿ ತಪ್ಪು.

---

ಒಕ್ಲಹೋಮಾ ಗಾಳಿ ಬರೆದದ್ದು:

ಸ್ಟಿಲ್‌ವಾಟರ್‌ನಲ್ಲಿ ಗಾಳಿಯ ತೊಂದರೆ ಬೇರೆ ಥರ. ಟೀ ಮತ್ತು ಗ್ರೀನ್ ಎರಡೂ ಮರಗಳ ಮರೆಯಲ್ಲಿ. ಮುಖಕ್ಕೆ ಗಾಳಿ ತಾಗುವುದಿಲ್ಲ, ಬಾವುಟ ಅಲ್ಲಾಡುವುದಿಲ್ಲ. ಚೆಂಡು 25-30 ಗಜ ಎತ್ತರಕ್ಕೆ ಏರಿ ಮರದ ತುದಿ ದಾಟಿದ ಮೇಲೆ ದಕ್ಷಿಣದ ಗಾಳಿಗೆ ಸಿಗುತ್ತದೆ. ಹುಲ್ಲು ಕಿತ್ತು ತೂರಿ ನೋಡಿದರೆ ಸುಳ್ಳು ಉತ್ತರ. ಮರದ ತುದಿ, ಮೋಡ, ಮತ್ತು ಬೆಳಿಗ್ಗೆ ಬಯಲಿನಲ್ಲಿ ಗಾಳಿ ಯಾವ ದಿಕ್ಕಿಗಿತ್ತು ಅನ್ನುವ ಬಾಣದ ಗುರುತು, ಇವಿಷ್ಟನ್ನೇ ನಂಬಬೇಕು. ಪ್ರತಿ ಹೋಲಿನ ಪುಟದಲ್ಲೂ ಉತ್ತರ ದಿಕ್ಕಿನ ಬಾಣ ಮೊದಲೇ ಬರೆದಿಟ್ಟುಕೊಂಡ ತಂಡಗಳು ಈ ವಿಷಯದಲ್ಲಿ ತಬ್ಬಿಬ್ಬಾಗುವುದಿಲ್ಲ.

---

ಡಲ್ಲಾಸ್ ಶಾರದಮ್ಮ ಬರೆದದ್ದು:

ಅಭ್ಯಾಸದ ಸುತ್ತಿನಲ್ಲಿ ಇಷ್ಟೆಲ್ಲ ನೋಡಿಕೊಳ್ಳಲು ಸಮಯ ಸಿಗುತ್ತಾ?

---

ಮೈಸೂರು ಟೀ ಬರೆದದ್ದು:

ಅಧಿಕೃತವಾಗಿ ಒಂದೇ ಸುತ್ತು ಸಿಗುವುದರಿಂದ ಅಂಕ ಬರೆಯುವ ಆಸೆ ಬಿಡಬೇಕು, ಮೇಡಂ. ಚೆನ್ನಾಗಿ ತಯಾರಾಗುವ ತಂಡ ಮಾಡುವ ಕ್ರಮ ಇದು. ಟೀಯಲ್ಲಿ ಎರಡು ಚೆಂಡು: ಒಂದು ಡ್ರೈವರ್, ಒಂದು ಪರ್ಯಾಯ ಕ್ಲಬ್. ಡ್ರೈವರ್ ಬೀಳುವ ದೂರದಲ್ಲಿ ಫೇರ್‌ವೇಯ ಅಗಲ, ಎಡಗಡೆ ಮರಕ್ಕೆ ಎಷ್ಟು ಗಜ, ಬಲಗಡೆ ಎಷ್ಟು ಅಂತ ಲೇಸರ್‌ನಿಂದ ಅಳೆದು ಬರೆಯುವುದು. ಒಳ್ಳೆಯ ಆಟಗಾರನ ಡ್ರೈವರ್ ಹೊಡೆತಗಳು ಒಟ್ಟು 60-65 ಗಜ ಅಗಲದಲ್ಲಿ ಹರಡುತ್ತವೆ. ಎಡದಲ್ಲಿ ಕೆರೆ, ಬಲದಲ್ಲಿ ಬರೀ ರಫ್ ಇದ್ದರೆ ಗುರಿಯನ್ನು ಫೇರ್‌ವೇ ನಡುವಿನಿಂದ ಬಲಕ್ಕೆ ಸರಿಸಿ, ಹರಡಿನ ಎಡ ಅಂಚು ದಡಕ್ಕೆ ಮುಟ್ಟುವ ಹಾಗೆ ಇಟ್ಟುಕೊಳ್ಳಬೇಕು. ನೇರ ಹೊಡೆತ ರಫ್‌ಗೆ ಹೋದರೂ ಪರವಾಗಿಲ್ಲ ಅಂತ ಒಪ್ಪಿಕೊಳ್ಳುವುದು 20 ವರ್ಷದ ಹುಡುಗನಿಗೆ ಬಹಳ ಕಷ್ಟ.

ಗ್ರೀನಿನಲ್ಲಿ ಈಗಿರುವ ರಂಧ್ರದ ಕಡೆ ನೋಡುವುದೇ ಬೇಡ. ಸ್ಪರ್ಧೆಯಲ್ಲಿ ರಂಧ್ರ ಬೇರೆ ಕಡೆ ಇರುತ್ತದೆ. ನಾಲ್ಕು ಮೂಲೆಯಲ್ಲಿ ಟೀ ನೆಟ್ಟು, 30-35 ಅಡಿಯಿಂದ ವೇಗ ನೋಡಬೇಕು. ಟೂರ್ ವೃತ್ತಿಪರರೂ 33 ಅಡಿಯಿಂದ ಸರಾಸರಿ ಎರಡು ಪಟ್ ತೆಗೆದುಕೊಳ್ಳುತ್ತಾರೆ, 8 ಅಡಿಯಿಂದ ಅರ್ಧ ಮಾತ್ರ ಒಳಗೆ ಹಾಕುತ್ತಾರೆ. ಆದ್ದರಿಂದ ಅಭ್ಯಾಸ ಮಾಡಬೇಕಾದದ್ದು ಉದ್ದದ ಪಟ್ಟನ್ನು 3 ಅಡಿಯೊಳಗೆ ನಿಲ್ಲಿಸುವುದು. ಕೊನೆಯಲ್ಲಿ ಗ್ರೀನಿನ ಹಿಂದೆ ನಿಂತು ಟೀ ಕಡೆ ತಿರುಗಿ ನೋಡಬೇಕು. ಎಲ್ಲಿಂದ ಬಂದರೆ ಸುಲಭ, ಯಾವ ಬದಿಯಲ್ಲಿ ತಪ್ಪಿದರೆ ಬೋಗಿಯೂ ಸಿಗುವುದಿಲ್ಲ ಅನ್ನುವುದು ಹಿಂದಿನಿಂದ ನೋಡಿದಾಗಲೇ ತಿಳಿಯುತ್ತದೆ. ಆ ಬದಿಗೆ ಕೆಂಪು ಗುರುತು.

---

ಲೆಕ್ಕದ ಮೇಷ್ಟ್ರು ಬರೆದದ್ದು:

ಕಠಿಣ ಕೋರ್ಸ್ ಆಡಲು ಬರೀ ಹೆದರಿಕೆ ಸಾಲದು ಅನ್ನುವುದಕ್ಕೆ 2019 ಒಳ್ಳೆಯ ಸಾಕ್ಷಿ. ಅರ್ಕಾನ್ಸಾದ ಫಯೆಟ್‌ವಿಲ್‌ನಲ್ಲಿ ಬ್ಲೆಸಿಂಗ್ಸ್ ಕೋರ್ಸ್, ಗುಡ್ಡ, ಹಳ್ಳ, ದಟ್ಟ ರಫ್. ಅಲ್ಲಿ ಮ್ಯಾಥ್ಯೂ ವುಲ್ಫ್ 10 ಅಂಡರ್ ಪಾರ್ ಹೊಡೆದು ಐದು ಹೊಡೆತಗಳ ಅಂತರದಿಂದ ಗೆದ್ದರು. ಡ್ರೈವರ್ ಬಚ್ಚಿಟ್ಟು ಗೆದ್ದವರಲ್ಲ ಅವರು. ಆದರೆ ತಂಡವಾಗಿ ಅವರ ಒಕ್ಲಹೋಮಾ ಸ್ಟೇಟ್ ಸೆಮಿಫೈನಲ್‌ನಲ್ಲಿ ಟೆಕ್ಸಸ್‌ಗೆ ಸೋತಿತು, ಪ್ರಶಸ್ತಿ ಸ್ಟ್ಯಾನ್‌ಫರ್ಡ್‌ಗೆ ಹೋಯಿತು. ಮಹಿಳೆಯರಲ್ಲಿ ಅದೇ ಕೋರ್ಸಿನಲ್ಲಿ ಮನೆ ತಂಡದ ಮಾರಿಯಾ ಫಾಸ್ಸಿ ವೈಯಕ್ತಿಕ ಚಾಂಪಿಯನ್.

---

ಹುಲ್ಲು ಹಾಸು ಬರೆದದ್ದು:

ಬೆಂಗಳೂರಿನಿಂದ ಅಮೆರಿಕದ ಕಾಲೇಜಿಗೆ ಹೋಗಬೇಕೆಂದಿರುವ ಮಕ್ಕಳ ಪಾಲಕರು ಇಲ್ಲಿ ಓದುತ್ತಿರಬಹುದು, ಅವರಿಗೆ ಎರಡು ಮಾತು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಗಾಳಿ ತೆಳುವಾಗಿರುವುದರಿಂದ ಚೆಂಡು ಸಮುದ್ರಮಟ್ಟಕ್ಕಿಂತ ಶೇ 3.5ರಷ್ಟು ದೂರ ಹೋಗುತ್ತದೆ. ಬೆಂಗಳೂರಿನ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸಿನಲ್ಲಿ 150 ಗಜ ಹೋಗುವ 8-ಐರನ್ ಕಾರ್ಲ್ಸ್‌ಬ್ಯಾಡ್‌ನಂಥ ಕಡಲತೀರದಲ್ಲಿ 145ರಲ್ಲೇ ಬೀಳುತ್ತದೆ. ಸ್ಟಿಲ್‌ವಾಟರ್ ಸುಮಾರು 900 ಅಡಿ ಎತ್ತರ, ಅಲ್ಲೂ 3-4 ಗಜ ಕಡಿಮೆ. ಐದು ಗಜ ಅಂದರೆ ಮುಂದಿನ ಬಂಕರಿನ ತುಟಿಗೂ ಗ್ರೀನಿಗೂ ಇರುವ ಅಂತರ. ಹೋದ ಮೊದಲ ವಾರವೇ ಎಲ್ಲ ಕ್ಲಬ್ಬುಗಳ ದೂರ ಹೊಸದಾಗಿ ಅಳೆದು ಬರೆದುಕೊಳ್ಳಬೇಕು. ವೆಡ್ಜ್‌ಗಳನ್ನು (ಹತ್ತಿರದ ಎತ್ತರದ ಹೊಡೆತದ ಕ್ಲಬ್ಬುಗಳು) ಅರ್ಧ, ಮುಕ್ಕಾಲು, ಪೂರ್ತಿ, ಮೂರೂ ಬೀಸಿಗೆ ಬೇರೆ ಬೇರೆಯಾಗಿ.

ಎರಡನೆಯದು ಗ್ರೀನ್. ನಮ್ಮ ಕಡೆ ಬಹುತೇಕ ಗರಿಕೆ ಜಾತಿಯ ಹುಲ್ಲು, ಎಸಳು ಒಂದು ಕಡೆಗೆ ವಾಲಿ ಬೆಳೆಯುತ್ತದೆ. ವಾಲಿದ ದಿಕ್ಕಿನಲ್ಲಿ ಪಟ್ ವೇಗ, ಎದುರಾದರೆ ನಿಧಾನ. ಮಕ್ಕಳು ಆ ವಾಲಿಕೆ ಓದಲು ಕಲಿತಿರುತ್ತಾರೆ. ಬೆಂಟ್‌ಗ್ರಾಸ್‌ನಲ್ಲಿ ವಾಲಿಕೆಯ ಪ್ರಭಾವ ಬಹಳ ಕಡಿಮೆ, ಇಳಿಜಾರೇ ಮುಖ್ಯ. ಇಲ್ಲದ ವಾಲಿಕೆಗೆ ಗುರಿ ಬದಲಿಸಿ ತಪ್ಪುತ್ತಾರೆ.

---

ಡಲ್ಲಾಸ್ ಶಾರದಮ್ಮ ಬರೆದದ್ದು:

ಗರಿಕೆ ಮೇಲೆ ಕಲಿತ ಮಗು ಬೆಂಟ್‌ಗೆ ಒಗ್ಗಿಕೊಳ್ಳೋಕೆ ಏನು ಮಾಡಬೇಕು, ಹುಲ್ಲು ಹಾಸು ಅವರೇ?

---

ಹುಲ್ಲು ಹಾಸು ಬರೆದದ್ದು:

ಗ್ರೀನಿನ ಶೇ 2 ಇಳಿಜಾರಿನ ಜಾಗ ಹುಡುಕಿ ರಂಧ್ರದ ಸುತ್ತ 6 ಅಡಿ ದೂರದಲ್ಲಿ ಗಡಿಯಾರದ ಹಾಗೆ 8 ಚೆಂಡು ಇಡಿ. ಪ್ರತಿಯೊಂದನ್ನೂ ಹೊಡೆಯುವ ಮೊದಲು ಕಣ್ಣಿನಿಂದಲ್ಲ, ಪಾದದಿಂದ ಇಳಿಜಾರು ತಿಳಿದುಕೊಳ್ಳಬೇಕು: ಗೆರೆಯ ಮಧ್ಯದಲ್ಲಿ ನಿಂತು ಯಾವ ಪಾದಕ್ಕೆ ಹೆಚ್ಚು ಭಾರ ಅಂತ. ಗುರಿ ಜೋರಾಗಿ ಹೇಳಿ ಹೊಡೆಯಲಿ, "ಎಡಕ್ಕೆ ಒಂದು ರಂಧ್ರ" ಅಂತ. ತಪ್ಪಿದರೆ ಮೇಲ್ಬದಿಗೆ ತಪ್ಪಿತೋ ಕೆಳಬದಿಗೋ ಬರೆದುಕೊಳ್ಳಲಿ. ಗರಿಕೆಯಿಂದ ಬಂದವರು ಮೊದಮೊದಲು ಒಂದೇ ಬದಿಗೆ ತಪ್ಪುತ್ತಾರೆ, ಅದನ್ನು ಕಂಡರೆ ಎಷ್ಟು ಕಡಿಮೆ ಓದುತ್ತಿದ್ದಾರೆ ಅನ್ನುವುದು ಎರಡು ವಾರದಲ್ಲಿ ಗೊತ್ತಾಗುತ್ತದೆ. ಉದ್ದದ ಪಟ್ಟಿಗೆ ಬೇರೆ ಅಭ್ಯಾಸ: ರಂಧ್ರವನ್ನೇ ಗುರಿಯಿಡದೆ ಗ್ರೀನಿನ ಅಂಚಿಗೆ 30 ಅಡಿಯಿಂದ ಉರುಳಿಸಿ, ಅಂಚಿನ ಹುಲ್ಲು ಮುಟ್ಟದೆ ಎಷ್ಟು ಹತ್ತಿರ ನಿಲ್ಲುತ್ತದೆ ನೋಡಿ. ಏರುಮುಖವಾಗಿ ಹತ್ತು, ಇಳಿಮುಖವಾಗಿ ಹತ್ತು.